ಸಣ್ಣ ದನಿಯ ಮಿತಿ

ಮನುಷ್ಯರ ಗಂಟಲಿನಿಂದ ಸದ್ದಿನ ಬದಲು ರೇಡಿಯೊ ತರಂಗ ಹೊರಡತೊಡಗಿ ವರ್ಷಗಳೇ ಆಗಿದ್ದವು. ಗಟ್ಟಿಮುಟ್ಟಾದವರ ಮಾತು ಎದುರಿನವರು ಕಿವಿಗೆ ಸಿಕ್ಕಿಸಿಕೊಂಡ ಗುಂಡಿಯಷ್ಟು ಪುಟ್ಟ ರೇಡಿಯೊಗೇ ಸಿಗುತ್ತಿತ್ತು. ರೋಗಿಗಳ ಮಾತಿಗೆ ಮಾತ್ರ ವಾರ್ಡಿನ ದೊಡ್ಡ ರೇಡಿಯೊವೇ ಗತಿ. ನಿಂತುಕೊಂಡೇ ಅದಕ್ಕೆ ಆಜ್ಞೆ ಟೈಪ್ ಮಾಡಿ ಮಾಡಿ ನರ್ಸ್ ಮಹಾನಂದಾಳ ಕಾಲು ಮರಗಟ್ಟಿದ್ದವು.

“ಅಕ್ಕಾರ, ನಮ್ಮವ್ವ ತುಟಿ ಅಲ್ಲಾಡಸ್ತಾಳ್ರೀ. ಏನಂತಾಳೊ ಒಂದೀಟ ಕೇಳಸ್ರಿ,” ಎಂದ ಮುದಿ ತಾಯಿಯ ಮಂಚದ ಪಕ್ಕ ಕೂತಿದ್ದ ಫಕೀರಪ್ಪ.

ಅವಳು ‘ಹುಡುಕು’ ಎಂದು ಟೈಪ್ ಮಾಡಿ ಎಂಟರ್ ಒತ್ತಿದಳು. ರೇಡಿಯೊ ಮುದುಕಿಯನ್ನು ದಾಟಿ ಹೋಗಿ ಪಕ್ಕದ ಮಂಚದವನ ಬೈಗುಳದ ಮೇಲೆ ನಿಂತಿತು. ಮತ್ತೆ ಒತ್ತಿದಳು, ಮತ್ತೆ ಅದೇ ಬೈಗುಳ.

“ದನಿ ಭಾಳ ಸಣ್ಣದೈತಿ. ಅಂಥಾ ದನಿ ಮ್ಯಾಲೆ ಇದು ನಿಂದ್ರಂಗಿಲ್ಲ.”

“ಹಂಗಂದ್ರ ಹೆಂಗ್ರೀ? ನಾಳೆ ಅಕಿ ಇರತಾಳೊ ಇಲ್ಲೊ.”

ತೀರ ಸಣ್ಣ ದನಿಗಳನ್ನು ಬಿಟ್ಟುಬಿಡಲು ರೇಡಿಯೊಗೆ ಒಂದು ಮಿತಿ ಹಾಕಿತ್ತು; ಅದನ್ನು ಇಳಿಸಬಾರದೆಂದು ಡಾಕ್ಟರರ ಕಟ್ಟಪ್ಪಣೆ. ಇಳಿಸಿದರೆ ಇಡೀ ವಾರ್ಡಿನ ನರಳಾಟ ಕೇಳಬೇಕಾಗುತ್ತದೆ. ವಾದಿಸುವ ತ್ರಾಣವಿಲ್ಲದೆ ಮಹಾನಂದಾ ‘ಮಿತಿ ಸೊನ್ನೆ’ ಎಂದು ಟೈಪ್ ಮಾಡಿದಳು. ‘ಸರಿ’ ಎಂದು ತೆರೆಯ ಮೇಲೆ ಉತ್ತರ ಬಂತು. ‘ಹುಡುಕು’ ಎಂದು ಒತ್ತಿದಳು. ಗೊರಗೊರ ಸದ್ದು, ಯಾರದೋ ನರಳಿಕೆ, ಆಮೇಲೆ ನೂಲಿನೆಳೆಯಂಥ ಮುದುಕಿಯ ದನಿ.

“ಮಗಳ, ಒಂದೀಟ ಕುಂದ್ರವಾ. ನಿನ್ನಿಯಿಂದ ಹೇಳಾಕತ್ತೀನಿ, ನೀ ಕೇಳವಲ್ಲಿ.”

ಫಕೀರಪ್ಪ ತಾನು ಕೂತಿದ್ದ ಸ್ಟೂಲನ್ನು ಅವಳತ್ತ ಸರಿಸಿದ. ಮಹಾನಂದಾ ಕೂತಳು. ಮಿತಿಯನ್ನು ಮತ್ತೆ ಏರಿಸಬೇಕಿತ್ತು. ಅವಳು ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಳು.