ಬೋಳುತಲೆಗೆ ಲಾಕ್ ತೆರೆದೀತೇ?

ಅರ್ಧ ತಲೆ ಬೋಳಾದ ಮೇಲೆ ಶಿವಪ್ರಕಾಶನಿಗೆ, ಒಂದು ಫೋನಿಗೋಸ್ಕರ ಇಷ್ಟೆಲ್ಲ ಬೇಕಿತ್ತೇ ಎಂಬ ಅನುಮಾನ ಬಂತು. ಉಳಿದರ್ಧವನ್ನು ಉಳಿಸಿಕೊಂಡು ಮಾಡುವುದೇನೂ ಇರಲಿಲ್ಲ. ಕತ್ತು ಬಗ್ಗಿಸಿದ.

ಕೊಳ್ಳೇಗಾಲದಲ್ಲಿ ಮನೆಯವರೆಲ್ಲ ರೇಷ್ಮೆ ಸೀರೆ ನೇಯುತ್ತಿದ್ದರೆ, ಇವನು ಮಗ್ಗದ ಪಕ್ಕದಲ್ಲೇ ಕುಳಿತು ಯೂಟ್ಯೂಬಿನಲ್ಲಿ ಫೋನುಗಳ ರಿವ್ಯೂ ಮಾಡುತ್ತಿದ್ದ. ಹೋದ ಸಲ ಬಾಯ್ತುಂಬ ಹೊಗಳಿದ ಫೋನು ತಿಂಗಳೊಳಗೆ ಕೈಕೊಟ್ಟಿತ್ತು. ಕೊಂಡವರು ಬಸ್ ಸ್ಟ್ಯಾಂಡಿನಲ್ಲಿ ತಡೆದು ನಿಲ್ಲಿಸಿ ಇವನ ಮಾನ ಹರಾಜು ಹಾಕಿದ್ದರು. ಇನ್ನೊಮ್ಮೆ ಮಾತು ಸುಳ್ಳಾದರೆ ಚಾನೆಲ್ಲಿಗೆ ಎಳ್ಳುನೀರು ಬಿಡಬೇಕಿತ್ತು.

ಈಗ ಊರಲ್ಲೆಲ್ಲ ಹಸಿರು ಬಣ್ಣದ ಹೊಸ ಫೋನೊಂದರ ಹುಚ್ಚು. ಒಡೆಯನ ಮುಖ ಕಂಡರಷ್ಟೇ ಲಾಕ್ ತೆಗೆಯುತ್ತದೆ ಎಂದು ಅಂಗಡಿಯವರ ಬಡಾಯಿ. ಶಿವಪ್ರಕಾಶ ಬಿಟ್ಟಾನೆಯೇ? ಟೋಪಿ ಹಾಕಿ ನೋಡಿದ, ಕನ್ನಡಕ ಹಾಕಿ ನೋಡಿದ, ಹಣೆತುಂಬ ವಿಭೂತಿ ಬಳಿದುಕೊಂಡು ನೋಡಿದ. ಫೋನು ಗುರುತು ಹಿಡಿಯಿತು. ಗೆಳೆಯ ಚೌಡೇಶ ಮುಖವೊಡ್ಡಿದರೆ ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಉಳಿದದ್ದು ಒಂದೇ ಪರೀಕ್ಷೆ: ಮಾದಪ್ಪನಿಗೆ ಮುಡಿ ಕೊಟ್ಟು ಬಂದವನ ಗುರುತು ಅದಕ್ಕೆ ಸಿಕ್ಕೀತೇ? ಬೆಟ್ಟದಲ್ಲೇ ಲೈವ್ ಮಾಡುತ್ತೇನೆ ಎಂದು ಚಾನೆಲ್ಲಿನಲ್ಲಿ ಸಾರಿಯೂ ಬಿಟ್ಟ.

ತಾಯಿ ರಂಗಮ್ಮ ಹೌಹಾರಿದ್ದಳು. "ಭಾನುವಾರ ಯಳಂದೂರಿಂದ ಎಣ್ಣಿನ ಕಡೆಯೋರು ಬತ್ತಾವ್ರೆ ಕಣ್ಲಾ! ಇರೋದು ಅದೊಂದು ಗುಂಗುರು ಕೂದ್ಲು. ಅದೂ ಓದ್ರೆ ಅವ್ರಿಗೆ ಏನ್ ತೋರುಸ್ಲಿ?"

ತಲೆ ನುಣ್ಣಗಾಯಿತು. ಬಟ್ಟೆಯನ್ನೂ ಫೋನನ್ನೂ ಕಟ್ಟೆಯ ಮೇಲೆ, ಭಕ್ತರ ಗಂಟುಗಳ ನಡುವೆ ಇಟ್ಟು ಅಂತರಗಂಗೆ ಕೊಳದಲ್ಲಿ ಮುಳುಗೆದ್ದ. ಬೋಳುತಲೆಗೆ ಗಂಧ ಮೆತ್ತಿಕೊಂಡು ಬಂದು ಫೋನು ಎತ್ತಿಕೊಂಡ. ಚೌಡೇಶ ತನ್ನ ಫೋನಿನಲ್ಲಿ ಲೈವ್ ಹಚ್ಚಿ ನಿಂತಿದ್ದ.

ಹಸಿರು ಫೋನನ್ನು ಮುಖಕ್ಕೆ ಹಿಡಿದ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಲಾಕ್ ತೆರೆಯಿತು.

"ನೋಡ್ರಪ್ಪಾ!" ಶಿವಪ್ರಕಾಶ ಕುಣಿದಾಡಿದ. "ಎತ್ತವ್ವನಿಗೇ ಈಗ ನನ್ ಗುರ್ತು ಸಿಕ್ಕಾಕಿಲ್ಲ, ಇದುಕ್ಕೆ ಸಿಕ್ತು! ಸೇಫ್ಟೀಲಿ ಫುಲ್ ಮಾರ್ಕ್ಸು!"

ಬ್ಯಾಟರಿಯ ಕಡೆ ಕಣ್ಣು ಹೋಯಿತು. ಮುಳುಗುವ ಮುಂಚೆ ಅರ್ಧವಿದ್ದದ್ದು ಈಗ ಮುಕ್ಕಾಲಾಗಿತ್ತು.

"ಲೇ, ಸ್ನಾನ ಮಾಡಿ ಬರೋದ್ರೊಳ್ಗೆ ಚಾರ್ಜು ಏರ್ಬುಟ್ಟದೆ!"

"ಮಾದಪ್ಪನ ಮಹಿಮೆ ಕಣ್ಲಾ," ಎಂದ ಚೌಡೇಶ.

ಬ್ಯಾಟರಿಗೂ ಪೂರ್ತಿ ಅಂಕ ಬಿತ್ತು. ಕುಂತೂರಿನಿಂದ, ಹನೂರಿನಿಂದ "ನಾಳೆನೇ ತಕತೀನಿ ಸಾ" ಎಂಬ ಕಾಮೆಂಟುಗಳು ಸುರಿಯತೊಡಗಿದವು. ಹೋದ ಮಾನ ಮರಳಿ ಬಂದ ಸಂತೋಷಕ್ಕೆ ಶಿವಪ್ರಕಾಶನ ಕಣ್ಣು ತುಂಬಿತು.

ಅಷ್ಟರಲ್ಲಿ ಕೈಯಲ್ಲಿದ್ದ ಫೋನು ರಿಂಗಾಯಿತು. ಪರದೆಯ ಮೇಲೆ 'ಅವ್ವ'. ಬೈಗುಳಕ್ಕೆ ತಯಾರಾಗಿಯೇ ಸ್ಪೀಕರ್ ಒತ್ತಿದ. ನೋಡುಗರೂ ಕೇಳಿ ನಗಲಿ ಎಂದು.

"ಮುಡಿ ಕೊಟ್ಟೆ ಕಣವ್ವಾ. ಬೈಬ್ಯಾಡ."

"ಯಾಕ್ಲಾ ಬೈಯ್ಲಿ? ಒಳ್ಳೇದಾಯ್ತು," ಎಂದಿತು ಗಂಟೆ ಜಾಗಟೆಗಳ ಗದ್ದಲದ ನಡುವೆ ಅತ್ತಲಿನ ದನಿ.

ಇಷ್ಟು ಸಲೀಸಾಗಿ ಒಪ್ಪಿಬಿಟ್ಟಳೇ! ಶಿವಪ್ರಕಾಶ ಗೆದ್ದವನಂತೆ ಕ್ಯಾಮೆರಾದತ್ತ ನೋಡಿ ಹಲ್ಲು ಕಿರಿದ.

"ಕೆಂಪನಂಜಪ್ಪಾ, ಪೋನ ಎಡ್ತಿ ಕೈಗೆ ಕೊಡ್ಲಾ. ಮಕ್ಳು ಮುಡಿ ಕೊಡುವಾಗ ರಚ್ಚೆ ಇಡುದ್ವಾ ಕೇಳ್ತೀನಿ."