ಸಾಹೇಬರ ಮೈಮೇಲೇ ಪರೀಕ್ಷೆ

ಸೂಪರಿಂಟೆಂಡೆಂಟ್ ರಾತು ನೆತಾನಿಯವರು ಮುಟ್ಟಿದ ಕಾನ್‌ಸ್ಟೇಬಲ್‌ಗಳೆಲ್ಲ ಒಬ್ಬರ ಹಿಂದೊಬ್ಬರು ದೊಪ್ಪನೆ ಬೀಳುತ್ತಿದ್ದರು. ಕೆಲವರಂತೂ ಮುಟ್ಟುವ ಮೊದಲೇ ಬಿದ್ದರು.

"ನೋಡಿದ್ರಾ?" ಎಂದರು ಸಾಹೇಬರು ಹೆಲ್ಮೆಟ್ಟಿನೊಳಗಿಂದ. "ವಿದ್ಯೆ ಅಂದ್ರೆ ಇದು ಕಣ್ರಪ್ಪಾ. ಬೆಳಿಗ್ಗೆ ಕಲಿತೆ, ಮಧ್ಯಾಹ್ನಕ್ಕೆ ಫಲ."

ಗಲಭೆ ನಿಗ್ರಹ ದಳಕ್ಕೆ ಬರಿಗೈ ಕಾಳಗದ ತರಬೇತಿ ಆರಿಸಬೇಕಾಗಿತ್ತು. ಒಂದು, ಬ್ರಿಸ್ಬೇನಿನಿಂದ ಬಂದ ಡ್ಯಾರೆನ್ ಎಂಬಾತನ ಮೂರು ದಿನದ ಪಾಠ. ಎದುರಾಳಿಯ ಮಣಿಕಟ್ಟು ತಿರುಗಿಸಿದರಾಯಿತು, ಅವನು ಮಲಗುತ್ತಾನೆ. ಕೊನೆಗೆ ಪ್ರಮಾಣಪತ್ರ, ಗ್ರೂಪ್ ಫೋಟೊ. ಇನ್ನೊಂದು, ಸೈನ್ಯದ ಶಿಬಿರದಲ್ಲಿ ಆರು ವಾರ ಕವಚ, ಬೂಟು, ಹೆಲ್ಮೆಟ್ಟು ಸಮೇತ ಕೆಸರಿನಲ್ಲಿ ಉರುಳಾಡಿ ಮೈ ನುಗ್ಗುಮಾಡಿಕೊಳ್ಳುವುದು. ಕಂಡವರ ಮಾತು ಕೇಳಿ ತೀರ್ಮಾನಿಸಬಾರದೆಂದು ಸಾಹೇಬರು ತಾವೇ ಪೂರ್ತಿ ಸಜ್ಜು ತೊಟ್ಟು ಡ್ಯಾರೆನ್ನನ ವಿದ್ಯೆಯನ್ನು ತಮ್ಮ ಮೈಮೇಲೇ ಪರೀಕ್ಷಿಸುತ್ತಿದ್ದರು. ಇಂಥ ನ್ಯಾಯವಂತರು ಎಲ್ಲಿ ಸಿಗುತ್ತಾರೆ ಹೇಳಿ.

ತೊಡಕು ಒಂದೇ. ರಾತು ನೆತಾನಿ ಬರೀ ಅಧಿಕಾರಿಯಲ್ಲ, ಹೆಸರಿನ ಮುಂದಿನ 'ರಾತು' ಎಂಬ ಬಿರುದೇ ಹೇಳುವಂತೆ ಹುಟ್ಟಿನಿಂದಲೇ ಕುಲದ ಒಡೆಯರು. ನಮ್ಮ ಫಿಜಿಯಲ್ಲಿ ಒಡೆಯನ ತಲೆ ಮುಟ್ಟುವಂತಿಲ್ಲ, ಅವನಿಗಿಂತ ಎತ್ತರದಲ್ಲಿ ನಿಲ್ಲುವಂತಿಲ್ಲ, ಅವನ ತಲೆಯ ಆಚೆಗೆ ಕೈ ಚಾಚಬೇಕಾದರೂ "ತುಲೋ" ಎಂದು ಅಪ್ಪಣೆ ಬೇಡಬೇಕು. ಹಾಗಾಗಿ ನಮ್ಮ ವೀರರು ಬೆನ್ನು ಬಗ್ಗಿಸಿಕೊಂಡು, "ತುಲೋ, ತುಲೋ" ಎನ್ನುತ್ತಾ ಭಯಂಕರ ದಾಳಿ ಮಾಡುತ್ತಿದ್ದರು. ಸಾಹೇಬರ ಬೆರಳು ಸೋಕುವುದೇ ತಡ, ಅಡ್ಡಬೀಳುತ್ತಿದ್ದರು. ಡ್ಯಾರೆನ್ನನಿಗೆ ತನ್ನ ವಿದ್ಯೆಯ ಮೇಲೆ ತನಗೇ ಹೊಸದಾಗಿ ನಂಬಿಕೆ ಹುಟ್ಟಿ ಕಣ್ಣು ತುಂಬಿ ಬಂದಿತ್ತು.

ಮಾವಿನ ಮರದಡಿ ನಿಂತಿದ್ದ ಕಾನ್‌ಸ್ಟೇಬಲ್ ತೊರಿಕಾಗೆ ಮಾತ್ರ ಇದನ್ನು ನೋಡಿ ಮೈಯೆಲ್ಲ ಉರಿಯುತ್ತಿತ್ತು. ಕಳೆದ ತಿಂಗಳು ಬಸ್ ಸ್ಟ್ಯಾಂಡಿನ ಗಲಾಟೆಯಲ್ಲಿ ಕುಡುಕನೊಬ್ಬ ಹಿಂದಿನಿಂದ ಬಂದು, ಅವಳ ಕವಚದ ಬೆನ್ನಿಗಿರುವ ಹಿಡಿಯನ್ನೇ ಜಗ್ಗಿ ಕೆಡವಿದ್ದ. ಆ ಭಾರ ಹೊತ್ತು ಏಳಲಾಗದೆ ಒದ್ದಾಡುವಾಗ ಭುಜದ ಕೀಲು ತಪ್ಪಿತ್ತು. ಸೋಮವಾರದಿಂದ ಮತ್ತೆ ಅದೇ ಬಸ್ ಸ್ಟ್ಯಾಂಡು. ಕೆಸರಿನ ತರಬೇತಿಯೇ ಬೇಕೆಂದು ಅವಳು ಬಾಯಿಬಿಟ್ಟು ಕೇಳಿಯೂ ಇದ್ದಳು. "ಹೆಣ್ಣುಮಗಳು, ನಿಂಗ್ಯಾಕಮ್ಮ ಕೆಸರು?" ಎಂದು ಸಾಹೇಬರು ಕನಿಕರಪಟ್ಟಿದ್ದರು.

ಈಗಷ್ಟೇ ಬಿದ್ದು ಎದ್ದು ಬಂದ ಕಾನ್‌ಸ್ಟೇಬಲ್ ಒಬ್ಬನನ್ನು ಅವಳು ತಡೆದಳು. "ನಿಜ ಹೇಳು, ಅವರು ಕೆಡವಿದ್ರಾ, ನೀನೇ ಬಿದ್ಯಾ?"

"ಮಕ್ಕಳೊಂದಿಗ ಕಣೇ ನಾನು," ಎಂದ ಅವನು ಮಂಡಿಯ ಹುಲ್ಲು ಕೊಡವಿಕೊಳ್ಳುತ್ತಾ. "ನಾನೇ ಬಿದ್ದೆ. ಎರಡನೇ ಸಲ ಇನ್ನೂ ಚೆನ್ನಾಗಿ ಬಿದ್ದೆ, ನೋಡಿಲ್ವಾ?"

ತೊರಿಕಾ ನೆಟ್ಟಗೆ ಜೀಪಿನ ಹತ್ತಿರ ಹೋದಳು. ಅಲ್ಲಿ ಡ್ರೈವರ್ ಕೊಲಿನಿಯೊ ಬೇಯಿಸಿದ ಮರಗೆಣಸು ತಿನ್ನುತ್ತಾ ಕೂತಿದ್ದ. ಅವನು ಸಾಹೇಬರ ಸೋದರಮಾವನ ಮಗ. ಒಡೆಯನೇ ಇರಲಿ, ಯಾರೇ ಇರಲಿ, ನಮ್ಮಲ್ಲಿ ಭಾವನಿಗೆ ಭಾವ ಏನು ಮಾಡಿದರೂ ನಡೆಯುತ್ತದೆ. ಗೇಲಿ ಮಾಡಬಹುದು, ಬೈಯಬಹುದು, ಕೆಡವಲೂಬಹುದು, ಅವನು ಸಿಟ್ಟಾಗುವಂತಿಲ್ಲ.

"ಅಣ್ಣಾ, ನಿಮ್ಮ ಭಾವ ಊರಿನವರನ್ನೆಲ್ಲ ಕೆಡವಿ ಕೆಡವಿ ಸುಸ್ತಾಗಿದಾರೆ. ನೀವೂ ಒಂದ್ಸಲ ಹೋಗಿ ಬೀಳಬಾರದಾ?"

ಕೊಲಿನಿಯೊ ಅವಳ ಭುಜ ನೋಡಿದ, ಆಮೇಲೆ ಸಾಹೇಬರನ್ನು ನೋಡಿದ. "ಬೀಳೋದು ನಂಗೆ ಅಷ್ಟು ಚೆನ್ನಾಗಿ ಬರಲ್ಲವಲ್ಲಮ್ಮ," ಎಂದು ಕೈ ಒರೆಸಿಕೊಂಡು ಎದ್ದ.

ಅವನು ತುಲೋ ಎನ್ನಲಿಲ್ಲ. "ಏನ್ ಭಾವ, ಆಮೆ ವೇಷ ಭಾಳ ಒಪ್ಪುತ್ತೆ ನಿಂಗೆ," ಎನ್ನುತ್ತಾ ಹಿಂದಿನಿಂದ ಹೋಗಿ, ಬೆನ್ನಿನ ಹಿಡಿಗೆ ಕೈ ಹಾಕಿ ಒಮ್ಮೆ ಎಳೆದ. ಸಾಹೇಬರು ಗಾಳಿಯಲ್ಲಿ ಯಾವುದೋ ಮಣಿಕಟ್ಟು ಹುಡುಕುತ್ತಾ ಅಂಗಾತ ಬಿದ್ದರು. ಏಳಲು ನೋಡಿದರು, ಆಗಲಿಲ್ಲ. ಕವಚ ಗಲ್ಲಕ್ಕೇರಿತ್ತು, ಹೆಲ್ಮೆಟ್ಟು ಮೂಗಿಗಿಳಿದಿತ್ತು. ಮರಗೆಣಸು ಆರುತ್ತದೆಂದು ಕೊಲಿನಿಯೊ ಜೀಪಿಗೆ ವಾಪಸ್ಸು ಹೋದ.

ಒಡೆಯ ನೆಲದಲ್ಲಿರುವಾಗ ಮಿಕ್ಕವರು ನಿಂತಿರುವುದುಂಟೇ? ಇಡೀ ದಳ ಸಜ್ಜು ಸಮೇತ ಮಳೆಗೆ ನೆನೆದ ಹುಲ್ಲಿನಲ್ಲಿ ಕುಕ್ಕರಿಸಿ ತಲೆ ತಗ್ಗಿಸಿತು. ಎತ್ತಲು ಯಾರೂ ಹೋಗಲಿಲ್ಲ. ಎತ್ತಬೇಕಾದರೆ ಅವರಿಗಿಂತ ಎತ್ತರ ನಿಲ್ಲಬೇಕಲ್ಲ. ಡ್ಯಾರೆನ್ ಗಾಬರಿಯಿಂದ ಸುತ್ತಲೂ ನೋಡಿ, ಇರಲಿ ಎಂದು ತಾನೂ ಕೂತ.

ಸಾಹೇಬರು ಮೊದಲು ನಕ್ಕರು. ನಗಲೇಬೇಕು, ಕೆಡವಿದ್ದು ಭಾವ. ಆಮೇಲೆ ಆಕಾಶ ನೋಡುತ್ತಲೇ ತೀರ್ಪು ಕೊಟ್ಟರು.

"ಇದು ಲೆಕ್ಕಕ್ಕಿಲ್ಲ. ಅವನು ನನ್ನ ಭಾವ. ಭಾವನೊಬ್ಬನ್ನ ಬಿಟ್ರೆ ಬೇರೆ ಯಾರ ಮೇಲಾದ್ರೂ ಈ ವಿದ್ಯೆ ನಡಿಯುತ್ತೆ, ಎಲ್ಲಾರೂ ಕಣ್ಣಾರೆ ಕಂಡಿದೀರಿ. ಡ್ಯಾರೆನ್‌ದೇ ಗಟ್ಟಿ. ಯಾರದಾದ್ರೂ ತಕರಾರಿದೆಯಾ?"

"ಇಲ್ಲ ಸರ್," ಎಂದಿತು ದಳ.

ತೊರಿಕಾ ಒಳ್ಳೆಯ ಕೈಯನ್ನು ನೆಲಕ್ಕೂರಿ ಕೂತಿದ್ದಳು. ತಲೆ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ.

"ತಕರಾರಲ್ಲ ಸರ್, ಒಂದು ಅನುಮಾನ. ಸೋಮವಾರ ಬಸ್ ಸ್ಟ್ಯಾಂಡಲ್ಲಿ ಹಿಂದಿನಿಂದ ಬಂದು ಎಳೀತಾನಲ್ಲ, ಅವನನ್ನ 'ನೀನು ನಂಗೆ ಏನಾಗಬೇಕಪ್ಪಾ' ಅಂತ ಬೀಳೋಕೆ ಮೊದಲೇ ಕೇಳಬೇಕಾ, ಬಿದ್ದ ಮೇಲಾ?"