ಹೆಸರಿನ ಮುಂದಿನ ಊರು

"ವಾಪಸ್ ಬರೋದಕ್ಕೆ ನಿಮಗಿಲ್ಲಿ ಏನಿದೆ?" ಎಂದು ಅದುಸೇ ಕೇಳಿದ. ಬೆಕ್ವಾಯ್ ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ವೀಸಾ ಅರ್ಜಿ ತುಂಬಿಕೊಡುತ್ತಿದ್ದ ಅವನು ಯಾರು ಬಂದರೂ ಮೊದಲು ಕೇಳುತ್ತಿದ್ದದ್ದು ಇದನ್ನೇ. "ಗಂಡ?"

"ಇಲ್ಲ" ಎಂದಳು ಪೊಕುವಾ.

"ಮಕ್ಕಳು?"

"ಇಲ್ಲ."

"ಕೋಕೋ ತೋಟ ಗೀಟ?"

"ಅದೆಲ್ಲ ಕುಲದ್ದು. ನನ್ನದು ಅಂತ ಒಂದು ಹೊಲಿಗೆ ಮೆಷಿನ್ ಇದೆ."

ಅದುಸೇ ಪೆನ್ನಿಗೆ ಮುಚ್ಚಳ ಹಾಕಿದ. "ಅಕ್ಕಾ, ಬ್ಯಾಂಕಿನ ಕಾಗದ ಸರಿಯಾಗಿದೆ, ಫೋಟೋನೂ ಚೆನ್ನಾಗಿ ಬಂದಿದೆ. ಎರಡು ವಾರ ಲಂಡನ್ ನೋಡ್ಕೊಂಡು ಬರ್ತೀನಿ ಅಂತೀರಿ. ನಾನು ನಂಬ್ತೀನಿ, ವೀಸಾ ಕಚೇರೀಲಿ ಕೂತಿರೋರು ನಂಬಲ್ಲ. ನಿಮ್ಮನ್ನ ಈ ಊರಿಗೆ ಎಳೆಯೋ ಹಗ್ಗ ಒಂದಾದ್ರೂ ತೋರಿಸ್ಬೇಕು."

ಪೊಕುವಾ ಸ್ವಲ್ಪ ಯೋಚಿಸಿದಳು. "ಅಮ್ಮ ಇದ್ದಾಳೆ."

"ತೀರಿಕೊಂಡರು ಅಂದಿರಲ್ಲ?"

"ತೀರಿಕೊಂಡಳು, ಏಪ್ರಿಲ್‌ನಲ್ಲಿ. ಆದ್ರೆ ಎಲ್ಲೂ ಹೋಗಿಲ್ಲ, ಆಸ್ಪತ್ರೆಯ ಶವಾಗಾರದಲ್ಲೇ ಇದ್ದಾಳೆ. ಹೊರದೇಶದಲ್ಲಿರೋ ಅಣ್ಣಂಗೂ ತಮ್ಮಂಗೂ ರಜೆ ಸಿಗೋದು ಡಿಸೆಂಬರ್‌ಗೆ. ಮಣ್ಣು ಮಾಡೋದು ಆಗಲೇ."

ಅದುಸೇ ಪೆನ್ನಿನ ಮುಚ್ಚಳ ತೆಗೆದ. "ಇಪ್ಪತ್ತು ವರ್ಷದಲ್ಲಿ ಇಂಥ ಗಟ್ಟಿ ದಾಖಲೆ ನನ್ನ ಕೈಗೆ ಬಂದಿಲ್ಲ ಅಕ್ಕಾ! ಹೆತ್ತ ತಾಯಿಯನ್ನ ಫ್ರಿಜ್ಜಲ್ಲಿ ಬಿಟ್ಟು ಯಾರು ತಲೆ ತಪ್ಪಿಸ್ಕೋತಾರೆ? ಊರಲ್ಲೆಲ್ಲ ಅಂಟಿಸ್ತಾರಲ್ಲ, ಆ ಅಂತ್ಯಕ್ರಿಯೆ ಪೋಸ್ಟರ್ ತನ್ನಿ. ತಾರೀಕಿರಲಿ, ಮಗಳು ಅಂತ ನಿಮ್ಮ ಹೆಸರಿರಲಿ. ಸೋಮವಾರ ಅರ್ಜಿ ಕೊಟ್ಟುಬಿಡೋಣ."

ಪೊಕುವಾಳಿಗೆ ಲಂಡನ್ನಿನಲ್ಲಿ ನೆಲೆಸುವ ಆಸೆ ಖಂಡಿತ ಇರಲಿಲ್ಲ. ಲಕ್ವ ಹೊಡೆದು ಮಲಗಿದ ತಾಯಿಯನ್ನು ಒಂಬತ್ತು ವರ್ಷ ಮಗ್ಗುಲು ಬದಲಿಸಿ, ಗಂಜಿ ಕುಡಿಸಿ, ಒರೆಸಿ ನೋಡಿಕೊಂಡವಳು ಅವಳು. ಅಷ್ಟು ವರ್ಷದಲ್ಲಿ ಪಕ್ಕದ ಕುಮಾಸಿ ನಗರದಲ್ಲಿ ಕೂಡ ಒಂದು ರಾತ್ರಿ ತಂಗಿರಲಿಲ್ಲ. ಕೆಂಪು ಡಬಲ್ ಡೆಕ್ಕರ್ ಬಸ್ಸು ಹತ್ತಿ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕೂರಬೇಕು ಎನ್ನುವುದಷ್ಟೇ ಅವಳ ಆಸೆ. ಐವತ್ತರ ಹೆಂಗಸು ಇದನ್ನು ಬಾಯಿಬಿಟ್ಟು ಹೇಳಿದರೆ ಜನ ನಗುತ್ತಾರೆಂದು ಅದುಸೇಯ ಮುಂದೆಯೂ ಹೇಳಿರಲಿಲ್ಲ. ಆದರೆ ಆ ಸೀಟು ಸಿಗದಿದ್ದರೆ ತನ್ನ ಬಾಳೆಲ್ಲ ಆ ಮಂಚದ ಪಕ್ಕದಲ್ಲೇ ಮುಗಿದ ಹಾಗೆ ಎಂದು ಅವಳಿಗೆ ಅನಿಸಿಬಿಟ್ಟಿತ್ತು.

ಪೋಸ್ಟರಿನ ಜವಾಬ್ದಾರಿ ಕುಲದ ಹಿರಿಯನಾದ ಸೋದರಮಾವ ಅಪ್ರಾಕುವಿನದು. ಮಣ್ಣು ಮಾಡಲು ಗೊತ್ತುಮಾಡಿದ್ದ ಡಿಸೆಂಬರಿನ ಶನಿವಾರವನ್ನು ಬೇರೆಯವರು ತಮ್ಮ ಮನೆಯ ಅಂತ್ಯಕ್ರಿಯೆಗೆ ಹಿಡಿದುಬಿಟ್ಟಾರು ಎಂಬ ಆತಂಕದಲ್ಲಿ ಆತ ಆಗಸ್ಟ್‌ನಲ್ಲೇ ಮುನ್ನೂರು ಪೋಸ್ಟರ್ ಹಾಕಿಸಿದ. ಶುಕ್ರವಾರ ಒಂದನ್ನು ಪೊಕುವಾಳ ಕೈಗೂ ಕೊಟ್ಟ. ನಡುವೆ ಅಮ್ಮನ ನಗುಮುಖ. ಕೆಳಗೆ ಮಕ್ಕಳ ಹೆಸರು, ಪ್ರತಿ ಹೆಸರಿನ ಮುಂದೆ ಅವರವರ ಊರು. ಅಣ್ಣನಿಗೆ ಹ್ಯಾಂಬರ್ಗ್, ತಮ್ಮನಿಗೆ ಟೊರೊಂಟೊ. ಪೊಕುವಾಳ ಹೆಸರಿನ ಮುಂದೆ ಲಂಡನ್ ಎಂದಿತ್ತು.

"ಮಾವ, ನಾನಿನ್ನೂ ಹೋಗೇ ಇಲ್ಲ!"

"ಹೋಗ್ತೀಯಲ್ಲ? ಇಬ್ಬರ ಮುಂದೆ ಊರು ಇದ್ದು ನಿನ್ನ ಮುಂದೆ ಖಾಲಿ ಬಿಟ್ರೆ ಜನ ಏನಂತಾರೆ? ಮೂರರಲ್ಲಿ ಒಂದು ದಂಡಪಿಂಡ ಅಂತಾರೆ. ನಮ್ಮಕ್ಕನ ಮರ್ಯಾದೆ ಏನಾಗ್ಬೇಕು?"

"ಬೆಕ್ವಾಯ್ ಅಂತ ಹಾಕಿಸಬಹುದಿತ್ತು."

"ಬೆಕ್ವಾಯ್ ಗೋಡೆಗೆ ಅಂಟಿಸೋ ಪೋಸ್ಟರ್ ಮೇಲೆ ಬೆಕ್ವಾಯ್ ಅಂತ ಯಾರಾದ್ರೂ ಹಾಕಿಸ್ತಾರೇನೇ? ಸುಮ್ನಿರು. ಎಲ್ಲಾ ಕಡೆ ಅಂಟಿಸಿ ಆಯ್ತು."

ಅದುಸೇ ಪೋಸ್ಟರನ್ನು ಮೇಲಿಂದ ಕೆಳಗಿನವರೆಗೆ ಎರಡು ಸಲ ಓದಿದ. "ಇದರ ಪ್ರಕಾರ ನೀವು ಈಗಾಗಲೇ ಅಲ್ಲಿದ್ದೀರಿ ಅಕ್ಕಾ. ಇದನ್ನ ಕೊಟ್ರೆ ಈ ಜನ್ಮದಲ್ಲಿ ವೀಸಾ ಸಿಗಲ್ಲ."

ಪೊಕುವಾ ನೆಟ್ಟಗೆ ಪ್ರೆಸ್ಸಿಗೆ ಹೋಗಿ, ತನ್ನ ಹೆಸರಿನ ಮುಂದೆ ಬೆಕ್ವಾಯ್ ಎಂದು ತಿದ್ದಿಸಿ ಹೊಸ ಪೋಸ್ಟರ್ ತೆಗೆಸಿದಳು. "ಒಂದೇನಾ?" ಎಂದು ಪ್ರೆಸ್ಸಿನವನು ಮತ್ತೆ ಮತ್ತೆ ಕೇಳಿದ. "ಒಂದೇ ಸಾಕು, ಮಾವನಿಗೆ ಹೇಳ್ಬೇಡ" ಎಂದಳು. ಸೋಮವಾರ ಅದು ಅರ್ಜಿಯ ಜೊತೆ ಹೋಯಿತು. ಮೂರು ವಾರಕ್ಕೆ ವೀಸಾ ಬಂತು. ಅಕ್ಟೋಬರಿನಲ್ಲಿ ಹೋದಳು, ಮುಂದಿನ ಸೀಟಿನಲ್ಲಿ ಕೂತಳು, ಹದಿನಾಲ್ಕನೇ ದಿನ ಹೇಳಿದಂತೆ ವಾಪಸ್ ಬಂದು ಮೆಷಿನ್ ಮುಂದೆ ಕೂತಳು.

ಡಿಸೆಂಬರಿನ ಶನಿವಾರ ಚಪ್ಪರದಡಿ ಮೊದಲ ಸಾಲಿನಲ್ಲಿ ಮೂರು ಕುರ್ಚಿ ಹಾಕಿದ್ದರು. ಅಣ್ಣ ತಮ್ಮಂದಿರ ನಡುವೆ ಪೊಕುವಾ ಸೂತಕದ ಕೆಂಪು-ಕಪ್ಪು ಬಟ್ಟೆ ಉಟ್ಟು ಕೂತಿದ್ದಳು. ದುಃಖ ಹೇಳಲು ಬಂದವರು ಸಾಲಾಗಿ ಕೈಕುಲುಕುತ್ತಾ ಸಾಗುತ್ತಿದ್ದರು. ಕುಮಾಸಿಯಿಂದ ಬಂದಿದ್ದ, ಅಣ್ಣನ ಪರಿಚಯದ ಹೆಂಗಸೊಬ್ಬಳು ಅವಳ ಕೈ ಹಿಡಿದು ನಿಂತಳು.

"ನೀವು ಲಂಡನ್‌ನೋರು ಅಲ್ವಾ? ಪೋಸ್ಟರ್‌ನಲ್ಲಿ ನೋಡ್ದೆ. ಪಾಪ, ಮಕ್ಕಳೆಲ್ಲ ಅಷ್ಟು ದೂರ. ಇಷ್ಟು ವರ್ಷ ನಿಮ್ಮಮ್ಮನ್ನ ಯಾರು ನೋಡ್ಕೊಂಡ್ರು?"

"ಬೆಕ್ವಾಯ್‌ನಲ್ಲಿ ಒಬ್ಬ ಮಗಳಿದ್ದಾಳೆ" ಎಂದಳು ಪೊಕುವಾ.

"ಹೌದಾ? ಪೋಸ್ಟರ್‌ನಲ್ಲಿ ಅವಳ ಹೆಸರೇ ಕಾಣ್ಲಿಲ್ವಲ್ಲ."

"ಅವಳ ಹೆಸರಿರೋ ಪೋಸ್ಟರ್ ಒಂದೇ ಒಂದು ಇರೋದು" ಎಂದಳು ಪೊಕುವಾ. "ಅದು ವೀಸಾ ಕಚೇರೀಲಿದೆ."